ನಮ್ಮ ಊರಿನ ರಸ್ತೆ ಯಾವ ಪಟ್ಟಿಯಲ್ಲಿದೆ?

ಸಮಾಜ ವಿಜ್ಞಾನದ ಮೇಷ್ಟರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ನಾನು ತಪ್ಪದೆ ಮಾಡುತ್ತ ಬಂದ ಪಾಠಗಳಲ್ಲಿ ಸಂವಿಧಾನದ ಏಳನೆಯ ಅನುಸೂಚಿಯದೂ ಒಂದು. ಮೂಲತಃ ಕೇಂದ್ರ ಪಟ್ಟಿಯಲ್ಲಿ 97 ವಿಷಯಗಳು, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47. ನನ್ನ ಬಳಿ ಓದಿದವರು ಈಗ ಎಲ್ಲಿದ್ದರೂ ಈ ಮೂರು ಸಂಖ್ಯೆಗಳನ್ನು ಮರೆತಿರಲಾರರು. ಮರೆತಿದ್ದರೆ ಅದು ನನ್ನ ಬೆತ್ತದ ಸೋಲು. (ಬೆತ್ತವನ್ನು ನಾನು ಬಳಸಿದ್ದು ಬಹಳ ಕಡಿಮೆ ಎಂದು ಇಲ್ಲಿ ಬರೆದರೆ ನಿಮ್ಮಲ್ಲಿ ಕೆಲವರು ನಗುವಿರೆಂದು ಬಲ್ಲೆ.)

1994ನೆಯ ಇಸವಿ. ಮಧುಗಿರಿ ತಾಲ್ಲೂಕಿನ ಒಂದು ಊರಿನ ಪ್ರೌಢಶಾಲೆಯಲ್ಲಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ಓದಿದವರಿಗೆ ಹೇಳದೆಯೇ ತಿಳಿಯುತ್ತದೆ. ಶಾಲೆಯ ಕಾಂಪೌಂಡಿಗೂ ಡಾಂಬರು ರಸ್ತೆಗೂ ನಡುವೆ ಎರಡು ಹೊಂಗೆ ಮರಗಳಷ್ಟೇ ಅಂತರ. ಒಂದು ಮಧ್ಯಾಹ್ನ ಮೂರು ಪಟ್ಟಿಗಳ ಪಾಠ ಮುಗಿಸಿ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ, ಎರಡನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ನಮ್ಮ ಸ್ಕೂಲಿನ ಮುಂದಿನ ರಸ್ತೆ ಯಾವ ಪಟ್ಟಿಯಲ್ಲಿದೆ?’ ಎಂದು ಕೇಳಿದ. ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ‘ರಸ್ತೆ ರಾಜ್ಯ ಪಟ್ಟಿ, ಕೂತ್ಕೋ’ ಎಂದೆ. ಪರೀಕ್ಷೆಯ ದೃಷ್ಟಿಯಿಂದ ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ಹುಡುಗನ ತಂಗಿಗೆ ಹದಿನೈದು ದಿನಗಳ ಹಿಂದೆಯಷ್ಟೇ ಅದೇ ರಸ್ತೆಯಲ್ಲಿ ಲಾರಿಯೊಂದು ತಗುಲಿ, ತೊಡೆಯ ಮೂಳೆ ಮುರಿದು, ಆಕೆ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದಳೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ. ಈ ಬರಹಕ್ಕೆ ಆ ನಗುವೇ ಕಾರಣ.

ಕಾನೂನಿನ ಮುಖವನ್ನು ನಾನು ಮೊದಲು ಕಂಡದ್ದು ಮಧುಗಿರಿಯ ಬೀದಿಯಲ್ಲಿ, 1962ರಲ್ಲಿ, ಹೈಸ್ಕೂಲು ಸೇರಿದ ವರ್ಷ. ಅಂದಿನ ಸೈಕಲ್ಲುಗಳಿಗೆ ಪುರಸಭೆಯ ತೆರಿಗೆಯಿತ್ತು. ಹಣ ಕಟ್ಟಿದರೆ ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದರು. ಅದನ್ನು ಹ್ಯಾಂಡಲಿನ ಕೆಳಗೆ ಸ್ಕ್ರೂ ಹಾಕಿ ಬಿಗಿಯಬೇಕು. ವರ್ಷ ಕಳೆದರೆ ಹೊಸ ಬಿಲ್ಲೆ. ಅಣ್ಣನ ಹಳೆಯ ಸೈಕಲ್ಲಿಗೆ ಹಿಂದಿನ ವರ್ಷದ ಬಿಲ್ಲೆಯನ್ನೇ ಉಜ್ಜಿ ಹೊಳಪು ಮಾಡಿ ಹಾಕಿಕೊಂಡಿದ್ದ ನನ್ನನ್ನು ವಸೂಲಿಯವರು ಬಸ್ ನಿಲ್ದಾಣದ ಬಳಿ ಹಿಡಿದು ನಿಲ್ಲಿಸಿದರು. ಬೈಯಲಿಲ್ಲ. ‘ನಿಮ್ಮಪ್ಪನಿಗೆ ನಾನೇ ಹೇಳ್ತೀನಿ’ ಎಂದರು. ಅದಕ್ಕಿಂತ ದೊಡ್ಡ ದಂಡನೆ ಅಂದು ಯಾವ ಕಾಯ್ದೆಯಲ್ಲಿಯೂ ಇರಲಿಲ್ಲ! ಕತ್ತಲಾದ ಮೇಲೆ ದೀಪವಿಲ್ಲದೆ ಬಂದರೆ, ಇಬ್ಬರು ಕುಳಿತು ‘ಡಬಲ್ ರೈಡಿಂಗ್’ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಎತ್ತಿನ ಗಾಡಿಯವರು ಮೂಕಿಯ ಕೆಳಗೆ ಲಾಟೀನು ತೂಗುಹಾಕಿಕೊಂಡು ಹೋಗುತ್ತಿದ್ದರು.

ಮೋಟಾರು ಮಾತ್ರ ಬೇರೆ ಲೋಕದ ಪ್ರಾಣಿ. ಅದರ ಕಾಯ್ದೆ 1939ರದು, ದೆಹಲಿಯದು. ಅದರ ತೆರಿಗೆ 1957ರ ಕಾಯ್ದೆಯಂತೆ ರಾಜ್ಯ ಸರ್ಕಾರದ್ದು. ಸೈಕಲ್ಲು ಮತ್ತು ಗಾಡಿ ಮಾತ್ರ ಊರಿನವು. ಊರಿನ ಅಳವಿಗೆ ಸಿಕ್ಕಿದ್ದ ವಾಹನಗಳೆಲ್ಲ ಒಂದೊಂದಾಗಿ ಬೀದಿಯಿಂದ ಮರೆಯಾಗಿ, ಅಳವಿಗೆ ಸಿಗದವು ತುಂಬಿಕೊಂಡವು. ನನ್ನ ಆಯುಷ್ಯದಲ್ಲಿಯೇ ಇದು ನಡೆದು ಹೋಯಿತು. ನಡೆಯುತ್ತಿದ್ದಾಗ ಯಾರೂ ಗಮನಿಸಲಿಲ್ಲ.

ನನ್ನ ಸೇವೆಯೆಲ್ಲ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಕಳೆಯಿತು. ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನ್ನುವುದು ಇವನ್ನೇ. ವರ್ಗವಾದಾಗಲೆಲ್ಲ ರಸ್ತೆ ಬದಲಾಯಿತು, ರಸ್ತೆಯ ಜೊತೆಗೆ ಅದರ ಯಜಮಾನರೂ ಬದಲಾದರು.

ಪಾವಗಡದ ವರ್ಷಗಳನ್ನು ನೆನೆದರೆ ಈಗಲೂ ಮೈಯೆಲ್ಲ ಧೂಳು ಕವಿದಂತಾಗುತ್ತದೆ. ಆ ತಾಲ್ಲೂಕಿನ ಬಹುಭಾಗವನ್ನು ಆಂಧ್ರದ ನೆಲ ಸುತ್ತುವರಿದಿದೆಯೆಂಬುದು ನಿಮಗೆ ಗೊತ್ತೇ ಇದೆ. ಮಧುಗಿರಿಯಲ್ಲಿ ಬಸ್ಸು ಹತ್ತಿ ಮಿಡಿಗೇಶಿ ದಾಟಿದರೆ ಅಂಗಡಿಗಳ ಫಲಕಗಳು ತೆಲುಗಾಗುತ್ತವೆ, ಮಡಕಶಿರ ಬರುತ್ತದೆ, ಮತ್ತೆ ಎಷ್ಟೋ ದೂರ ಸಾಗಿದ ಮೇಲೆ ಫಲಕಗಳು ಕನ್ನಡವಾಗಿ ಪಾವಗಡ ಬರುತ್ತದೆ. ಸ್ವಂತ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ಪರರಾಜ್ಯವನ್ನು ಹಾಯಬೇಕಾದ ಜನ ನಮ್ಮವರು. (ಮಡಕಶಿರ ಆಗ ಅನಂತಪುರ ಜಿಲ್ಲೆಯಲ್ಲಿತ್ತು, 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.) ಅದೇ ಬಸ್ಸು, ಅದೇ ಚಾಲಕ, ಅದೇ ಮಡಿಲ ಕೂಸು, ಗಡಿಯ ಕಲ್ಲು ದಾಟಿದೊಡನೆ ಪರ್ಮಿಟ್ಟಿನ ಮಾತೇ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 88ನೆಯ ಕಲಮಿನಲ್ಲಿ ನಮ್ಮಂಥವರಿಗಾಗಿಯೇ ಬರೆದಂತಿರುವ ಒಂದು ಮಾತಿದೆ. ಹೊರಡುವ ಊರೂ ತಲಪುವ ಊರೂ ಒಂದೇ ರಾಜ್ಯದಲ್ಲಿದ್ದು, ನಡುವೆ ಇನ್ನೊಂದು ರಾಜ್ಯದಲ್ಲಿ ಸಾಗುವ ದೂರ 16 ಕಿಲೋಮೀಟರನ್ನು ಮೀರದಿದ್ದರೆ, ಆ ರಾಜ್ಯದ ಮೇಲುಸಹಿ ಇಲ್ಲದೆಯೇ ಪರ್ಮಿಟ್ಟು ಅಲ್ಲಿಯೂ ಸಲ್ಲುತ್ತದೆ. ಮೀರಿದರೆ ಎರಡು ಸರ್ಕಾರಗಳ ಒಪ್ಪಂದ ಬೇಕು. ಹದಿನೈದೂ ಅಲ್ಲ, ಇಪ್ಪತ್ತೂ ಅಲ್ಲ, ಹದಿನಾರು! ಹತ್ತು ಮೈಲಿಯೆಂಬ ಹಳೆಯ ಲೆಕ್ಕವೇ ಹೊಸ ಅಳತೆಗೆ ತಿರುಗಿ ನಿಂತಿರಬೇಕೆಂದು ನನ್ನ ಊಹೆ.

ಅಂದು ಆ ದಾರಿಯಲ್ಲಿ ಬಸ್ಸುಗಳು ವಿರಳ. ಒಳಗೆ ಜಾಗವಿಲ್ಲದಾಗ ಟಾಪಿನ ಮೇಲೆ ಹತ್ತುತ್ತಿದ್ದೆವು. ತನಿಖೆಯವರು ನಿಲ್ಲುವ ಜಾಗ ಹತ್ತಿರವಾದಾಗ ಕಂಡಕ್ಟರು ಮೇಲಿದ್ದವರನ್ನೆಲ್ಲ ಇಳಿಸಿ, ಸ್ವಲ್ಪ ದೂರ ನಡೆಸಿ, ಅತ್ತ ಕಡೆ ಮತ್ತೆ ಹತ್ತಿಸಿಕೊಳ್ಳುತ್ತಿದ್ದ. ಕೈಯಲ್ಲಿ ಹಾಜರಿ ಪುಸ್ತಕ ಹಿಡಿದ ಮೇಷ್ಟರಾಗಿ ನಾನೂ ಹಾಗೆ ಇಳಿದು, ನಡೆದು, ಹತ್ತಿದ್ದೇನೆ. ತಪ್ಪೆಂದು ಒಮ್ಮೆಯೂ ಅನ್ನಿಸಲಿಲ್ಲ. ಬಸ್ಸು ತಪ್ಪಿದರೆ ಶಾಲೆ ತಪ್ಪುತ್ತಿತ್ತು.

ಕೊರಟಗೆರೆಯದು ಇನ್ನೊಂದು ರೀತಿ. ಶುಕ್ರವಾರ ಬಂತೆಂದರೆ ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಹೋಗುವ ವಾಹನಗಳ ಸಾಲು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಡ್ರಿಲ್ ಮೇಷ್ಟರು, ಮಕ್ಕಳು ಶಾಲೆ ಬಿಡುವ ಹೊತ್ತಿಗೆ ಬಿಳಿಯ ಪಂಚೆಯಲ್ಲಿ ರಸ್ತೆಯ ನಡುವೆ ನಿಂತು ಪೀಪಿ ಊದಿ ಕೈ ಎತ್ತುತ್ತಿದ್ದರು. ಕಾರು, ಬಸ್ಸು, ಟ್ರ್ಯಾಕ್ಟರು ಎಲ್ಲವೂ ನಿಲ್ಲುತ್ತಿದ್ದವು. ಆ ಅಧಿಕಾರವನ್ನು ಅವರಿಗೆ ಯಾವ ಕಲಮೂ ಕೊಟ್ಟಿರಲಿಲ್ಲ. ಅವರು ನಿವೃತ್ತರಾದ ಮರುವಾರ ಬೇರೊಬ್ಬರು ಅದೇ ಪೀಪಿ ಹಿಡಿದು ನಿಂತರು. ಒಂದು ಗಾಡಿಯೂ ನಿಲ್ಲಲಿಲ್ಲ.

ಈಗ 1994ಕ್ಕೆ ಮರಳುತ್ತೇನೆ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಿದ್ದು ಪ್ರಭಾರ ನನ್ನ ಮೇಲಿತ್ತು. ಆ ಹುಡುಗನ ಪ್ರಶ್ನೆ ರಾತ್ರಿಯೆಲ್ಲ ಕೊರೆಯಿತು. ಕಾಲವೂ ಉತ್ಸಾಹದ್ದೇ ಆಗಿತ್ತು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದು, ಹೊಸ ಗ್ರಾಮ ಪಂಚಾಯಿತಿಗೆ ಹೊಸ ಸದಸ್ಯರು ಆರಿಸಿ ಬಂದಿದ್ದರು. ಸಂವಿಧಾನದ 73ನೆಯ ತಿದ್ದುಪಡಿಯ ಪಟ್ಟಿಯಲ್ಲಿ ರಸ್ತೆ, ಮೋರಿ, ಸೇತುವೆಗಳು ಪಂಚಾಯಿತಿಗೆ ಒಪ್ಪಿಸಬಹುದಾದ ವಿಷಯಗಳೆಂದು ಬರೆದಿದೆಯೆಂದು ನಾನೇ ಅವರಿಗೆ ಓದಿ ಹೇಳಿದೆ. ಶಾಲೆಯ ಮುಂದೆ ಎರಡು ಉಬ್ಬುಗಳು, ಒಂದು ಸೂಚನಾ ಫಲಕ, ವೇಗದ ಮಿತಿ ಬೇಕೆಂದು ಸರ್ವಾನುಮತದ ಠರಾವಾಯಿತು. ಚಪ್ಪಾಳೆಯೂ ಆಯಿತು.

ಠರಾವನ್ನು ಹಿಡಿದು ಮೊದಲನೆಯ ಕಚೇರಿಗೆ ಹೋದೆವು. ರಸ್ತೆ ಪಂಚಾಯಿತಿಯದಲ್ಲ, ಆದುದರಿಂದ ಠರಾವಿಗೆ ಬೆಲೆಯಿಲ್ಲ, ಉಬ್ಬು ಹಾಕಲು ಮೇಲಿನ ಒಪ್ಪಿಗೆ ಬೇಕು ಎಂದರು. ಎರಡನೆಯ ಕಚೇರಿಯಲ್ಲಿ, ವೇಗದ ಮಿತಿಗೆ ಅಧಿಸೂಚನೆಯಾಗಬೇಕು, ಅಧಿಸೂಚನೆಯಿಲ್ಲದ ಮಿತಿಯನ್ನು ಮೀರಿದನೆಂದು ಯಾರ ಮೇಲೂ ಕೇಸು ಹಾಕಲಾಗದು ಎಂದರು. ಮೂರನೆಯ ಕಚೇರಿ ತುಮಕೂರಿನಲ್ಲಿ. ವಾಹನ ಮತ್ತು ಪರ್ಮಿಟ್ಟು ನಮ್ಮವು, ರಸ್ತೆ ನಮ್ಮದಲ್ಲ ಎಂದರು. ನಾಲ್ಕನೆಯವರು ಮೊದಲನೆಯ ಕಚೇರಿಗೆ ಹೋಗಿ ಎಂದರು. ಈ ಕಚೇರಿಗಳ ಹೆಸರು ಬರೆಯುವ ಉದ್ದೇಶ ನನಗಿಲ್ಲ. ಅವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಕೆಲವರು ಕಾಫಿಯನ್ನೂ ಕೊಡಿಸಿದರು. ಪ್ರತಿಯೊಬ್ಬರೂ ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ನಾನು ತರಗತಿಯಲ್ಲಿ ಹೇಳಿದ್ದೂ ಸರಿಯೇ ಆಗಿತ್ತಲ್ಲವೇ!

ಹಿಂದಿರುಗುವಾಗ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಲಾರಿಯೆಂಬ ಯಂತ್ರಚಾಲಿತ ವಾಹನ ಸಮವರ್ತಿ ಪಟ್ಟಿಯ 35ನೆಯ ಬಾಬು. ಅದರ ಮೇಲಿನ ತೆರಿಗೆ ರಾಜ್ಯ ಪಟ್ಟಿಯ 57ನೆಯ ಬಾಬು. ಅದು ಓಡುವ ರಸ್ತೆ ರಾಜ್ಯ ಪಟ್ಟಿಯ 13. ರಾಷ್ಟ್ರೀಯ ಹೆದ್ದಾರಿಯಾದರೆ ಕೇಂದ್ರ ಪಟ್ಟಿಯ 23. ಅದನ್ನು ತಡೆಯುವ ಪೊಲೀಸು ರಾಜ್ಯ ಪಟ್ಟಿಯ 2. ಪಟ್ಟಣವಾಗಿದ್ದರೆ 74ನೆಯ ತಿದ್ದುಪಡಿಯಂತೆ ಬೀದಿ ದೀಪ, ವಾಹನ ನಿಲುಗಡೆ, ಬಸ್ ತಂಗುದಾಣ ಪುರಸಭೆಯವು. ಎತ್ತಿನ ಗಾಡಿಯೂ ಅದೇ 13ನೆಯ ಬಾಬಿನಲ್ಲಿ ಬರುತ್ತದೆ. ಬಡಪಾಯಿ ಎತ್ತಿನ ಗಾಡಿ, ಅದರಿಂದ ಯಾರ ಕಾಲೂ ಮುರಿದಿರಲಿಲ್ಲ.

ನವೆಂಬರ್ ತಿಂಗಳ ಒಂದು ರಾತ್ರಿ ಊರಿನ ಯುವಕರು ಮನೆಗೆ ಬಂದರು. ರಸ್ತೆಯ ಬದಿಯಲ್ಲಿ ಯಾವುದೋ ಕಾಮಗಾರಿಯ ಜಲ್ಲಿ ಉಳಿದಿತ್ತು. ಶಾಲೆಯ ಕೊಠಡಿಯಲ್ಲಿ ಕಾಂಪೌಂಡಿಗೆಂದು ಬಂದ ನಾಲ್ಕು ಮೂಟೆ ಸಿಮೆಂಟು ಇತ್ತು. ಬೀಗದ ಕೈ ನನ್ನ ಬಳಿಯಿತ್ತು. ಇಷ್ಟು ಬರೆದರೆ ಉಳಿದುದನ್ನು ನೀವೇ ಊಹಿಸುವಿರಿ. ಹತ್ತನೆಯ ತರಗತಿಯ ಐದಾರು ಹುಡುಗರೂ ಬಾಂಡಲಿ ಹೊತ್ತರು. ಆ ಪ್ರಶ್ನೆ ಕೇಳಿದವನೂ ಇದ್ದ. ಬೆಳಗಾಗುವ ಹೊತ್ತಿಗೆ ರಸ್ತೆಗೆ ಅಡ್ಡಲಾಗಿ ಎರಡು ದಿಂಡುಗಳು ಎದ್ದಿದ್ದವು. ಬಸ್ಸುಗಳು ಏದುಸಿರು ಬಿಡುತ್ತ ನಿಧಾನವಾಗಿ ಹತ್ತಿಳಿಯುವುದನ್ನು ಕಾಂಪೌಂಡಿನ ಮೇಲೆ ಕುಳಿತು ಮಕ್ಕಳು ನೋಡಿ ನಕ್ಕರು. ನನಗಾದ ಹೆಮ್ಮೆಯನ್ನು ಮುಚ್ಚಿಡಲಾರೆ. ನಾಲ್ಕು ಕಚೇರಿಗಳಿಂದ ಆಗದ್ದನ್ನು ನಾವು ಒಂದೇ ರಾತ್ರಿಯಲ್ಲಿ ಮಾಡಿದ್ದೆವು.

ಹನ್ನೆರಡನೆಯ ದಿನ, ಅಮಾವಾಸ್ಯೆಯ ಆಸುಪಾಸು, ಶಿರಾ ಕಡೆಯಿಂದ ಮೊಪೆಡಿನಲ್ಲಿ ಬರುತ್ತಿದ್ದ ಪಕ್ಕದ ಹಳ್ಳಿಯ ದಂಪತಿಗಳು ಕತ್ತಲಲ್ಲಿ ಆ ದಿಂಡನ್ನು ಕಾಣದೆ ಹಾರಿ ಬಿದ್ದರು. ಗಂಡನಿಗೆ ಮಂಡಿ ತರಚಿತು. ಹಿಂದೆ ಕುಳಿತಿದ್ದ ಆಕೆಯ ತಲೆ ರಸ್ತೆಗೆ ಬಡಿಯಿತು. ಬದುಕಿದಳು. ಆದರೆ ಒಂದು ಕಿವಿ ಶಾಶ್ವತವಾಗಿ ಹೋಯಿತು, ಮಾತು ಬಹುಕಾಲ ತೊದಲಿತು. ಅವರ ಮಗ ನಮ್ಮ ಶಾಲೆಯಲ್ಲೇ ಎಂಟನೆಯ ತರಗತಿಯಲ್ಲಿದ್ದ.

ತಿಂಗಳಾದ ಮೇಲೆ ಆ ಮನುಷ್ಯ ಶಾಲೆಗೆ ಬಂದ. ಜಗಳಕ್ಕಲ್ಲ. ಕುಳಿತುಕೊಳ್ಳಲೂ ಒಪ್ಪದೆ ಬಾಗಿಲಲ್ಲೇ ನಿಂತು, ‘ಅದನ್ನ ಹಾಕಿದ್ದು ಯಾರು ಸಾರ್?’ ಎಂದು ಕೇಳಿದ. ನಾನು ‘ಊರಿನವರು’ ಎಂದೆ. ಮೊದಲನೆಯ ಕಚೇರಿ ಎರಡನೆಯದನ್ನೂ ಎರಡನೆಯದು ಮೂರನೆಯದನ್ನೂ ತೋರಿಸಿದಾಗ ಕೋಪಗೊಂಡಿದ್ದ ನಾನು, ನನ್ನ ಸರದಿ ಬಂದಾಗ ‘ಊರಿನವರು’ ಎಂಬ ಪದದ ಹಿಂದೆ ಹೋಗಿ ನಿಂತೆ. ಆತ ತಲೆಯಾಡಿಸಿ ಹೊರಟುಹೋದ. ನನ್ನ ಪತ್ನಿಗೆ ಹೊರತು ಇದನ್ನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಅಂದು ಬಾಂಡಲಿ ಹೊತ್ತ ಹುಡುಗರು ಇದನ್ನು ಓದುತ್ತಿದ್ದರೆ ತಿಳಿಯಲಿ: ಬೀಗ ತೆಗೆದುಕೊಟ್ಟವನು ನಾನು.

ಆ ದಿಂಡುಗಳನ್ನು ಅಪಘಾತವಾದ ವಾರದೊಳಗೆ ಜೀಪಿನಲ್ಲಿ ಬಂದವರು ಹಾರೆ ಹಾಕಿ ಕಿತ್ತರು. ಐದು ತಿಂಗಳು ಕರೆದರೂ ಬಾರದ ಜೀಪು ಅದು.

ಬಹಳ ವರ್ಷಗಳ ನಂತರ, ಇಂಜಿನಿಯರಾಗಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಒಂದು ಸಣ್ಣ ಪುಸ್ತಿಕೆಯನ್ನು ತೋರಿಸಿದ. ಅದರ ಸಂಖ್ಯೆ 99, ವರ್ಷ 1988. ಅದರಲ್ಲಿ ಉಬ್ಬಿನ ಅಳತೆಯಿತ್ತು. ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ಬೆನ್ನು 17 ಮೀಟರು ತ್ರಿಜ್ಯದ ವೃತ್ತದ ತುಣುಕು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಸುಖವಾಗಿ ದಾಟಬಹುದಾದಂಥದು. 40 ಮೀಟರು ಮುಂಚೆ ಎಚ್ಚರಿಕೆಯ ಫಲಕ; ರಾತ್ರಿ ಕಾಣುವಂತೆ ಕಪ್ಪು ಬಿಳುಪು ಪಟ್ಟೆ. ಅಂದು ಸಂಜೆ ಮನೆಯ ಅಂಗಳದಲ್ಲಿ ಸುಣ್ಣದ ಕಡ್ಡಿಯಿಂದ 3.7 ಮೀಟರು ಗೆರೆ ಎಳೆದು ನೋಡಿದೆ. ನಮ್ಮ ದಿಂಡು ಅದರ ಎಂಟನೆಯ ಒಂದು ಭಾಗದಷ್ಟೂ ಅಗಲವಿರಲಿಲ್ಲ, ಎತ್ತರ ಮಾತ್ರ ಎರಡರಷ್ಟಿತ್ತು. ನಾವು ಕಟ್ಟಿದ್ದು ಉಬ್ಬಲ್ಲ, ಗೋಡೆ. ನಾವು ಜಲ್ಲಿ ಹೊರುವುದಕ್ಕೆ ಆರು ವರ್ಷ ಮುಂಚೆಯೇ ಆ ಅಳತೆ ಅಚ್ಚಾಗಿತ್ತು. ಅಲೆದಾಡಿದ ನಾಲ್ಕು ಕಚೇರಿಗಳಲ್ಲಿ ಒಬ್ಬರಾದರೂ ‘ಇದು ಅಳತೆ’ ಎಂದು ಒಂದು ಹಾಳೆ ಕೊಟ್ಟಿದ್ದರೆ!

ಹೀಗಾಗಿ, ಎಲ್ಲವನ್ನೂ ಊರಿಗೇ ಬಿಡಿ ಎನ್ನುವ ಗೆಳೆಯರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಪ್ರತಿ ಊರೂ ತನ್ನ ಮೊಳದಲ್ಲಿ ಅಳೆದರೆ ಪಕ್ಕದೂರಿನವನ ತಲೆ ಒಡೆಯುತ್ತದೆ. ಅಳತೆ ಮೇಲಿನಿಂದ ಬರಲಿ. ಆದರೆ ಎಲ್ಲಿ ಬೇಕೆಂಬುದನ್ನು ಕಂಡವರು ಹೇಳಿದಾಗ, ಇಷ್ಟು ದಿನದೊಳಗೆ ಹೌದು ಅಥವಾ ಅಲ್ಲವೆಂದು ಬರವಣಿಗೆಯಲ್ಲಿ ಉತ್ತರ ಕೊಡಬೇಕಾದ ಒಬ್ಬರು ಇರಲಿ. ಕಾಯ್ದೆಯ 116ನೆಯ ಕಲಮಿನಲ್ಲಿ, ರಾಜ್ಯ ಸರ್ಕಾರವಾಗಲಿ ಅದರಿಂದ ಅಧಿಕಾರ ಪಡೆದವರಾಗಲಿ ಸಂಚಾರ ಫಲಕಗಳನ್ನು ಹಾಕಿಸಬಹುದು ಅಥವಾ ಹಾಕಲು ಅನುಮತಿ ಕೊಡಬಹುದು ಎಂದಿದೆ. ಕೊಡಲೇಬೇಕು ಎಂದೇನೂ ಇಲ್ಲ.

ದೊಡ್ಡವರ ಜಗಳ ನಡೆದದ್ದೆಲ್ಲ ದಂಡದ ಮೇಲೆ. 2019ರ ಸೆಪ್ಟೆಂಬರ್ 1ರಂದು ತಿದ್ದುಪಡಿಯಾದ ಕೇಂದ್ರ ಕಾಯ್ದೆ ಜಾರಿಗೆ ಬಂದು ಹೆಲ್ಮೆಟ್ಟಿಲ್ಲದವರಿಗೆ 1000 ರೂಪಾಯಿ ಎಂದಿತು. ಮೊದಲು ಗುಜರಾತು ಇಳಿಸಿತು, ಅದೇ ತಿಂಗಳಲ್ಲಿ ನಮ್ಮ ರಾಜ್ಯವೂ ಇಳಿಸಿ 500 ಮಾಡಿತು. ರಾಜಿ ದಂಡದ ಮೊತ್ತವನ್ನು ನಿಗದಿ ಮಾಡುವ ಅಧಿಕಾರ 200ನೆಯ ಕಲಮಿನಂತೆ ರಾಜ್ಯಕ್ಕಿದೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ, 2025ರ ಆಗಸ್ಟ್‌ನಿಂದ ಸೆಪ್ಟೆಂಬರಿನವರೆಗೆ ಮತ್ತೊಮ್ಮೆ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಎರಡು ಸಲವೂ ಕಾದು ಕುಳಿತು ಅರ್ಧ ಕಟ್ಟಿ, ದೀಪಾವಳಿಯ ಬಟ್ಟೆ ಕೊಂಡಂತೆ ಸಂತೋಷಪಟ್ಟ. ಆ ಹಣ ಪೂರ್ತಿಯಾಗಲಿ ಅರ್ಧವಾಗಲಿ, ಸೇರುವುದು ರಾಜ್ಯದ ಬೊಕ್ಕಸಕ್ಕೆ. ಯಾವ ತಿರುವಿನಲ್ಲಿ ದಂಡ ಬಿತ್ತೋ ಆ ತಿರುವಿಗೆ ದೀಪ ಹಾಕಬೇಕಾದ ಪುರಸಭೆಗೆ ಅದರಲ್ಲಿ ಪಾಲಿಲ್ಲ. ಇನ್ನು, ರಸ್ತೆ ಯಾರದೆಂಬುದು ಬೇಗನೆ ತೀರ್ಮಾನವಾಗುವುದೇ ಇಲ್ಲವೆಂದು ತಿಳಿಯಬೇಡಿ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯ ಬದಿಯ ಮದ್ಯದಂಗಡಿಗಳನ್ನು ತೆಗೆಸಿದಾಗ, ಹಲವು ರಾಜ್ಯಗಳು ಊರೊಳಗಿನ ಹೆದ್ದಾರಿಗಳನ್ನು ಹೆದ್ದಾರಿಯೇ ಅಲ್ಲವೆಂದು ಸಾರಲು ತಿಂಗಳುಗಳಷ್ಟೇ ಸಾಕಾದವು.

2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿಯ ಬಳಿ ಉರುಳಿತು. ಕಾಲೇಜಿಗೆ ಹೊರಟ ಮಕ್ಕಳು ಸತ್ತರು. ಬಸ್ಸು ಕಿಕ್ಕಿರಿದಿತ್ತು, ಮೇಲೂ ಜನರಿದ್ದರೆಂದು ಪತ್ರಿಕೆಗಳು ಬರೆದವು. ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿಯ ಹೆದ್ದಾರಿಯಲ್ಲಿ, ರಾಯಚೂರು ಕಡೆಯಿಂದ ಕೂಲಿಗೆ ಹೊರಟವರನ್ನು ತುಂಬಿಕೊಂಡಿದ್ದ ವಾಹನ ಲಾರಿಗೆ ಬಡಿದು 9 ಮಂದಿ ತೀರಿಕೊಂಡರು. ಮೊದಲ ಸುದ್ದಿಯನ್ನು ಓದಿದಾಗ ನನಗೆ ಟಾಪಿನಿಂದ ಇಳಿದು, ನಡೆದು, ಮತ್ತೆ ಹತ್ತಿದ ನನ್ನ ಕಾಲುಗಳೇ ನೆನಪಾದವು. ಒಂದು ದಾರಿಗೆ ಎಷ್ಟು ಬಸ್ಸು ಬೇಕೆಂಬುದನ್ನು ಟಾಪಿನ ಮೇಲೆ ಕುಳಿತವರು ಬಲ್ಲರು. ಪರ್ಮಿಟ್ಟು ಕೊಡುವ ಸಾರಿಗೆ ಪ್ರಾಧಿಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ತುಮಕೂರಿನಲ್ಲಿ ಸೇರುತ್ತದೆ. ಮಧುಗಿರಿಯಲ್ಲಿ ಈಗ ಸಾರಿಗೆ ಕಚೇರಿಯೊಂದು ಇದೆ, ಕೆಎ 64 ಎಂಬ ಸಂಖ್ಯೆಯೂ ಇದೆ. ನಮ್ಮ ಹುಡುಗರಿಗೆ ಆ ಸಂಖ್ಯೆಯ ಮೇಲೆ ಬಹಳ ಅಭಿಮಾನ.

ಕಳೆದ ಜನವರಿಯಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಕರೆದಿದ್ದರು. ಹೊಂಗೆ ಮರಗಳಿಲ್ಲ. ಶಾಲೆಯ ಮುಂದಿನ ರಸ್ತೆ ನಡುವೆ ರಾಷ್ಟ್ರೀಯ ಹೆದ್ದಾರಿ 234 ಎನ್ನಿಸಿ, ಈಗ 69 ಎಂಬ ಹೆಸರಿನಲ್ಲಿದೆ. ಅಂದರೆ ನಾನು ಹುಡುಗನಿಗೆ ಕೊಟ್ಟ ಉತ್ತರ ಈಗ ಪರೀಕ್ಷೆಯಲ್ಲಿಯೂ ತಪ್ಪು! ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಒಂದು ಕಡತ ತಂದಿಟ್ಟರು. ಫಲಕ ಬೇಕು, ದಾಟುವ ಪಟ್ಟೆ ಬೇಕು ಎಂಬ ಅರ್ಜಿಗಳು; ಅವಕ್ಕೆ ಬಂದ ಉತ್ತರಗಳು. ಉತ್ತರಗಳ ಭಾಷೆ ನನಗೆ ಬಹಳ ಪರಿಚಿತವೆನ್ನಿಸಿತು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಮನವಿ ಬರೆದುಕೊಡಿ ಎಂದರು. ಮೊಪೆಡಿನಲ್ಲಿ ಬಿದ್ದ ಆ ತಾಯಿಯ ಮಗ ಇಂದು ಆ ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿದ್ದಾನೆ, ಪಕ್ಕದಲ್ಲೇ ಕುಳಿತಿದ್ದ. ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗಿ, 1994ರ ನವೆಂಬರಿನ ರಾತ್ರಿಯಿಂದ ಮೊದಲುಗೊಂಡು ಎಲ್ಲವನ್ನೂ ಹೇಳಿದೆ. ಅವನು ರಸ್ತೆಯ ಕಡೆ ನೋಡುತ್ತ ಕೇಳಿಸಿಕೊಂಡ. ‘ಅಪ್ಪನಿಗೆ ಅವತ್ತೇ ಗೊತ್ತಿತ್ತು ಸಾರ್, ಸಿಮೆಂಟು ಸ್ಕೂಲಿಂದು ಅಂತ’ ಎಂದ.

ಮನವಿಯನ್ನು ಮೂರು ಪುಟ ಬರೆದೆ. ಮೇಲೆ ಹೇಳಿದ ಕಲಮುಗಳನ್ನೆಲ್ಲ ಸೇರಿಸಿದ್ದೆ. ಆತ ಓದಿ, ಅರ್ಧ ಪುಟ ಉಳಿಸಿಕೊಂಡು, ಕೆಳಗೆ ತನ್ನ ಕೈಯಲ್ಲೇ 3.7 ಮೀಟರು, 10 ಸೆಂಟಿಮೀಟರು, 40 ಮೀಟರು ಎಂದು ಬರೆದು, ಸಹಿ ಮಾಡಲು ಪೆನ್ನನ್ನು ನನ್ನ ಕೈಗೆ ಕೊಟ್ಟ.